ಬಸುರಿಯ ನವೆ: ಹೆಂಗಸರು ಹೇಳಿದ್ದು, ಶಾಸ್ತ್ರ ಕೇಳಿದ್ದು

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಏಳನೆಯ ತಿಂಗಳ ಬಸುರಿನ ಮಾತು ಬಂದಾಗ, ಇದ್ದಕ್ಕಿದ್ದಂತೆ ಹೆಂಗಸರ ದನಿ ಕೇಳಿಸುತ್ತದೆ. ಹೊಟ್ಟೆಯೊಳಗಿನ ಕೂಸಿಗೆ ಕೂದಲು ಹುಟ್ಟುವಾಗ ತಾಯಿಗೆ ಉರಿ ಏಳುತ್ತದೆ ಎಂದು ಹೆಂಗಸರು ಹೇಳುತ್ತಾರೆ ಎನ್ನುತ್ತದೆ ಗ್ರಂಥ. ಮರುಕ್ಷಣವೇ ಗ್ರಂಥದ ಗುರು ಆತ್ರೇಯ ಅದನ್ನು ಅಲ್ಲಗಳೆಯುತ್ತಾನೆ. ಅವನ ವಿವರಣೆ ಬೇರೆ. ಬೆಳೆದ ಗರ್ಭ ಒತ್ತುವುದರಿಂದ ವಾತ, ಪಿತ್ತ, ಕಫಗಳು ಎದೆಯ ಕಡೆಗೆ ಸರಿಯುತ್ತವೆ. ಅದರಿಂದ ಉರಿ, ಉರಿಯಿಂದ ನವೆ, ನವೆಯಿಂದ ಕಿಕ್ಕಿಸ. ಕಿಕ್ಕಿಸ ಎಂದರೆ ಹೊಟ್ಟೆ, ಎದೆಯ ಮೇಲೆ ಚರ್ಮ ಬಿರಿದಂತೆ ಮೂಡುವ ಗೆರೆಗಳು.

ಒಪ್ಪದಿದ್ದರೂ ಆ ಮಾತನ್ನು ಬರೆದಿಟ್ಟರಲ್ಲ, ಅದು ದೊಡ್ಡದು. ಬಸುರಿಯ ತುರಿಕೆಯ ಚರಿತ್ರೆ ಹಿಡಿದು ಹೊರಟರೆ ಉದ್ದಕ್ಕೂ ಇದೇ ಜಗ್ಗಾಟ ಎದುರಾಗುತ್ತದೆ. ಮೈಯಲ್ಲಿ ಅನುಭವಿಸಿದವಳು ಹೇಳಿದ್ದೊಂದು, ಹೊರಗೆ ನಿಂತು ನೋಡಿದವರು ಬರೆದದ್ದೊಂದು.

ಚರಕ ಹೇಳುವ ಔಷಧಗಳಲ್ಲಿ ಹಲವು ನಮ್ಮ ಹಿತ್ತಿಲಿಗೆ ಹತ್ತಿರದವು. ಸಿಹಿ ಗುಣದ ಮೂಲಿಕೆಗಳಲ್ಲಿ ಕಾಸಿದ ಬೆಣ್ಣೆಯನ್ನು ಬೋರೆಹಣ್ಣಿನ ಕಷಾಯದ ಜೊತೆ ಆಗಾಗ ಸ್ವಲ್ಪಸ್ವಲ್ಪವೇ ಕುಡಿಸಬೇಕು. ಗಂಧ, ತಾವರೆಯ ದಂಟು ಅರೆದು ಹೊಟ್ಟೆಗೂ ಎದೆಗೂ ಹಚ್ಚಬೇಕು. ಬೇವು, ತುಳಸಿ, ಮಂಜಿಷ್ಠಗಳ ಲೇಪ ಇನ್ನೊಂದು. ಊಟ ಸಿಹಿಯಾಗಿರಲಿ, ಜಿಡ್ಡು, ಉಪ್ಪು ಕಡಿಮೆಯಿರಲಿ. ಜೊತೆಗಿರುವ ಇನ್ನೊಂದು ಸೂಚನೆ ಎಲ್ಲಕ್ಕಿಂತ ಮನಸ್ಸಿಗೆ ನಾಟುತ್ತದೆ: ನವೆಯಾದರೆ ಕೆರೆದುಕೊಳ್ಳಬಾರದು, ಚರ್ಮ ಒಡೆದು ವಿಕಾರವಾಗುತ್ತದೆ, ತಡೆಯಲಾಗದಷ್ಟಾದರೆ ಒತ್ತಿ ತಿಕ್ಕಿಕೊಳ್ಳಬಹುದು. ನಿದ್ದೆಗೆಟ್ಟು ಮೈ ಪರಚಿಕೊಳ್ಳುವ ಬಸುರಿಯ ಪಕ್ಕದಲ್ಲಿ ಕೂತು ನೋಡಿದವರಿಗಷ್ಟೇ ಆ 'ತಡೆಯಲಾಗದಷ್ಟಾದರೆ' ಹೊಳೆಯಲು ಸಾಧ್ಯ.

ಆತ್ರೇಯ ತಳ್ಳಿಹಾಕಿದ ಕೂದಲಿನ ಮಾತು ಮಾತ್ರ ಸಾಯಲಿಲ್ಲ. ಎದೆ ಉರಿಯುತ್ತದೆ, ಹೊಟ್ಟೆ ಕಡಿಯುತ್ತದೆ ಎಂದ ಬಸುರಿಗೆ 'ಮಗೂಗೆ ಕೂದಲು ಬರ್ತಿದೆ ಕಣೇ' ಎನ್ನುವ ಅಜ್ಜಿಯರು ಇಂದಿಗೂ ಇದ್ದಾರೆ. ಅಮೆರಿಕದ ಅಜ್ಜಿಯರೂ ಎದೆಯುರಿಗೆ ಇದೇ ಕಾರಣ ಹೇಳುತ್ತಾರೆ. ಇದು ಬರೀ ಕಟ್ಟುಕಥೆ ಎಂದು ತೋರಿಸಲು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 64 ಬಸುರಿಯರನ್ನು ಕೇಳಿ, ಹೆರಿಗೆಯ ನಂತರ ಮಕ್ಕಳ ತಲೆಗೂದಲು ನೋಡಿದರು. ಅವರ ವರದಿ 2006ರಲ್ಲಿ ಪ್ರಕಟವಾಯಿತು. ಎದೆಯುರಿ ಸಾಕಷ್ಟಿತ್ತು ಎಂದ 28 ಮಂದಿಯಲ್ಲಿ 23 ಮಂದಿಗೆ ಸಾಧಾರಣ ಅಥವಾ ಅದಕ್ಕಿಂತ ದಟ್ಟ ಕೂದಲಿನ ಮಗು ಹುಟ್ಟಿತ್ತು. ಉರಿಯೇ ಇರಲಿಲ್ಲ ಎಂದ 12 ಮಂದಿಯಲ್ಲಿ 10 ಮಂದಿಯ ಮಕ್ಕಳ ತಲೆಯಲ್ಲಿ ಕೂದಲು ತೀರಾ ಕಡಿಮೆ. ಕೂದಲೇ ಉರಿ ತರುತ್ತದೆ ಎಂದಲ್ಲ. ಬಸುರಿನ ಹಾರ್ಮೋನುಗಳೇ ಎರಡಕ್ಕೂ ಕಾರಣವಿರಬಹುದು ಎಂದು ಅವರು ಊಹಿಸಿದರು. ಅಧ್ಯಯನ ಚಿಕ್ಕದು ನಿಜ. ಆದರೂ ಸುಳ್ಳೆಂದು ತೋರಿಸಲು ಹೊರಟವರು ಹೆಂಗಸರ ಮಾತಿಗೆ ತಲೆಬಾಗಿ ಬರಬೇಕಾಯಿತು.

ನಮ್ಮಲ್ಲಿ ಸೀಮಂತ ಹೆಚ್ಚಾಗಿ ಏಳನೆಯ ತಿಂಗಳಲ್ಲೇ ನಡೆಯುತ್ತದೆ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವ ಹೊತ್ತು. ಬಸುರಿನ ತುರಿಕೆ ಕಾಡುವುದೂ ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ಹಾಗಾಗಿ ಅದನ್ನು ಮೊದಲು ನೋಡುವವಳು ತಾಯಿ, ಮೊದಲ ಮದ್ದು ಬರುವುದು ತವರಿನ ಹಿತ್ತಿಲಿನಿಂದ. ಮೈಮೇಲೆ ಕೆಂಪಗೆ ದದ್ದೆದ್ದರೆ ಅದು ಪಿತ್ತದ ಗಂಧೆ, ಮದ್ದು ದೊಡ್ಡಪತ್ರೆ. ಪುಟ್ಟ ಮಕ್ಕಳ ಅಂಗೈಯಂತೆ ಉಬ್ಬಿ, ಮೃದುವಾದ ರೋಮವಿರುವ ಎಲೆ ಅದು. ಕಿವುಚಿದರೆ ಓಮದ ಹಾಗೆ ಘಾಟು. ರಸ ಹಿಂಡಿ ದದ್ದಿಗೆ ಹಚ್ಚುತ್ತಾರೆ. ಉಳಿದ ಎಲೆಗಳನ್ನು ಜೀರಿಗೆ, ನಾಲ್ಕು ಕಾಳು ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಕರಾವಳಿಯವರು ಪುನರ್ಪುಳಿಯ ಒಣಸಿಪ್ಪೆ ನೆನೆಸಿ ಆ ಕೆಂಪು ನೀರಿಗೆ ಬೆಲ್ಲ ಹಾಕಿ ಕುಡಿಸುತ್ತಾರೆ, ಮೈಗೂ ಸವರುತ್ತಾರೆ. ಅದೇ ಹಣ್ಣನ್ನು ಮುರುಗಲು ಎನ್ನುವ ಉತ್ತರ ಕನ್ನಡದಲ್ಲಿ ಬೀಜವನ್ನೂ ಬಿಸಾಡುವುದಿಲ್ಲ. ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಆರಿದ ಮೇಲೆ ಬಿಳಿ ಗಟ್ಟಿ. ಒಡೆದ ಹಿಮ್ಮಡಿಗೆ, ಬಿರಿದ ಚರ್ಮಕ್ಕೆ ಹಚ್ಚುವ ಮುರುಗಲ ತುಪ್ಪ ಅದು. ದದ್ದೆದ್ದ ಮೈಯನ್ನು ಕಂಬಳಿಯಿಂದ ಒರೆಸುವ ರೂಢಿಯೂ ಇತ್ತು. ಕೆರೆಯುವ ಬದಲು ತಿಕ್ಕು ಎಂಬ ಚರಕನ ಸೂಚನೆಗೆ ಇದು ತೀರಾ ದೂರದ್ದಲ್ಲ.

ಈ ಮದ್ದುಗಳನ್ನು ಗೇಲಿ ಮಾಡಲು ಕಾರಣವಿಲ್ಲ. ತಂಪು ಮಾಡಿದರೆ ತುರಿಕೆ ತಗ್ಗುತ್ತದೆ, ಜಿಡ್ಡು ಹಚ್ಚಿದರೆ ಒಣಚರ್ಮದ ನವೆ ಇಳಿಯುತ್ತದೆ. ಇಂದಿನ ಚರ್ಮವೈದ್ಯರೂ ಮೊದಲು ಹೇಳುವುದು ತಣ್ಣೀರ ಸ್ನಾನ, ಸಡಿಲ ಹತ್ತಿಬಟ್ಟೆ, ಮುಲಾಮು, ಕ್ಯಾಲಮೈನ್ ಲೋಷನ್. ತೊಡಕು ಇರುವುದು ಬೇರೆ ಕಡೆ. ಮೈ ಕಡಿದದ್ದಕ್ಕೆಲ್ಲ ಪಿತ್ತ ಎಂಬ ಒಂದೇ ಹೆಸರು ಅಂಟಿದಾಗ ನಾಲ್ಕು ಬೇರೆಬೇರೆ ಕಾಯಿಲೆಗಳು ಒಂದೇ ಕಂಬಳಿಯೊಳಗೆ ಸೇರಿಕೊಂಡವು. ಅವುಗಳಲ್ಲಿ ಒಂದು ಮಗುವಿನ ಜೀವಕ್ಕೇ ಕುತ್ತು ತರುವಂಥದ್ದು.

ಹೆಸರಿನ ಗೋಜಲು ಯುರೋಪಿನಲ್ಲಿ ಇನ್ನೂ ಹೆಚ್ಚಿತ್ತು. ಗಂಧೆಗೆ ಅರ್ಟಿಕೇರಿಯ ಎಂಬ ಹೆಸರು ಬಂದದ್ದು ಅರ್ಟಿಕ, ಅಂದರೆ ಮುಟ್ಟಿದರೆ ತುರಿಸುವ ಗಿಡದ ಲ್ಯಾಟಿನ್ ಹೆಸರಿನಿಂದ; ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲನ್ 1769ರಲ್ಲಿ ಅದನ್ನು ಬಳಸಿದ. ಮಲೆನಾಡಿನಲ್ಲಿ ತುರಿಕೆ ಗಿಡ ಸೋಕಿಸಿಕೊಂಡವರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. 1872ರಲ್ಲಿ ಲಂಡನ್ನಿನ ಜಾನ್ ಲಾಸ್ ಮಿಲ್ಟನ್ ಬಸುರಿಯರ ಮೈಮೇಲೆ ಏಳುವ ಗುಳ್ಳೆಗಳಿಗೆ 'ಹರ್ಪಿಸ್ ಜೆಸ್ಟೇಷನಿಸ್' ಎಂದು ಹೆಸರಿಟ್ಟ. ಗುಳ್ಳೆಗಳ ಗುಂಪು ಕಂಡು ಇಟ್ಟ ಹೆಸರದು; ಹರ್ಪಿಸ್ ವೈರಸ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. ತಾಯಿಯ ರೋಗನಿರೋಧಕ ಶಕ್ತಿ ಅವಳದೇ ಚರ್ಮದ ಮೇಲೆ ತಿರುಗಿಬೀಳುವುದೇ ಇದಕ್ಕೆ ಕಾರಣ ಎಂದು 1970ರ ದಶಕದಲ್ಲಿ ಗೊತ್ತಾಯಿತು. ಹೆಸರು 'ಪೆಂಫಿಗಾಯ್ಡ್ ಜೆಸ್ಟೇಷನಿಸ್' ಎಂದು ಬದಲಾಯಿತು. ಆದರೆ ನೂರು ವರ್ಷ ಆ ತಪ್ಪು ಹೆಸರನ್ನು ಹೊತ್ತವರು ಬಸುರಿಯರು. ತನಗೇನೋ ಅಂಟುರೋಗ ತಗುಲಿದೆ ಎಂದು ಕುಗ್ಗಲು ಆ ಒಂದು ಪದ ಸಾಕು.

ಬಸುರಿಯರಲ್ಲಿ ಹೆಚ್ಚಾಗಿ ಕಾಣುವ ದದ್ದಿನ ಕಥೆಯೂ ಹಾಗೆಯೇ. ಚೊಚ್ಚಲ ಬಸುರಿಯ ಕೊನೆಯ ವಾರಗಳಲ್ಲಿ, ಹೊಟ್ಟೆಯ ಬಿರುಕುಗೆರೆಗಳ ಮೇಲೇ ಮೊದಲು ಏಳುವ, ಗಂಧೆಯಂಥ ಕೆಂಪು ದದ್ದು ಅದು. ಅವಳಿ ಮಕ್ಕಳಿದ್ದರೆ ಸಾಧ್ಯತೆ ಹೆಚ್ಚು. ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. 1962ರಲ್ಲಿ ಬೋರ್ನ್ ಎಂಬ ವೈದ್ಯ ಇದನ್ನು ನಂಜಿನ ದದ್ದು ಎಂದು ಕರೆದ. 1979ರಲ್ಲಿ ಅಮೆರಿಕದ ಲಾಲಿ ಮತ್ತು ಸಂಗಡಿಗರು ಕೊಟ್ಟ ಉದ್ದ ಹೆಸರಿನ ಮೊದಲಕ್ಷರಗಳು ಸೇರಿ 'ಪಿಯುಪಿಪಿಪಿ' ಆಯಿತು. ಇದರಿಂದ ಮಗುವಿಗೆ ತೊಂದರೆಯಿಲ್ಲ, ಹೆರಿಗೆಯಾದ ಕೆಲವು ವಾರಗಳಲ್ಲಿ ಹೋಗುತ್ತದೆ. ಇದನ್ನು ಮಿಲ್ಟನ್ ಕಂಡ ಗುಳ್ಳೆರೋಗದಿಂದ ಬೇರೆ ಮಾಡಿ ಗುರುತಿಸಲು ವೈದ್ಯರು ನೋಡುವ ಜಾಗ ಹೊಕ್ಕುಳು. ಈ ದದ್ದು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಬಿಟ್ಟು ಹರಡುತ್ತದೆ; ಆ ಗುಳ್ಳೆಗಳು ಹೆಚ್ಚಾಗಿ ಹೊಕ್ಕುಳ ಬಳಿಯೇ ಶುರುವಾಗುತ್ತವೆ.

1998ರಲ್ಲಿ ಫ್ರಾನ್ಸಿನ ಸಂಶೋಧಕರು ಇಂಥ ದದ್ದೆದ್ದ ಕೆಲವು ತಾಯಂದಿರ ಚರ್ಮದಲ್ಲಿ ಗಂಡಿನ ಡಿಎನ್‌ಎ ಕಂಡರು. ಹೊಟ್ಟೆಯಲ್ಲಿದ್ದ ಗಂಡುಮಗುವಿನ ಜೀವಕೋಶಗಳು ತಾಯಿಯ ಚರ್ಮದವರೆಗೆ ಬಂದಿದ್ದವು. ದದ್ದಿಗೆ ಅದೇ ಕಾರಣ ಎಂದು ತೀರ್ಮಾನವಾಗಿಲ್ಲ. ಆದರೂ ಕೂಸಿನಿಂದಲೇ ಈ ಉರಿ ಎಂದ ಆ ಹಳೆಯ ಹೆಂಗಸರು ಇಲ್ಲಿ ನೆನಪಾಗದೆ ಇರುವುದಿಲ್ಲ.

ಔಷಧದ ಕಡೆಗೆ ಬಂದರೆ, ಗಂಧೆಯ ತುರಿಕೆಗೆ ದೇಹದ ಹಿಸ್ಟಮಿನ್ ಕಾರಣ ಎಂದು ಗೊತ್ತಾದ ಮೇಲೆ ಅದನ್ನು ತಡೆಯುವ ಮದ್ದಿನ ಹುಡುಕಾಟ ನಡೆಯಿತು. ಆ ದಾರಿ ತೆರೆದ ಡೇನಿಯಲ್ ಬೊವೆಗೆ 1957ರಲ್ಲಿ ನೊಬೆಲ್ ಬಂತು. ಅದೇ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಮಾರಾಟಕ್ಕೆ ಬಂತು. ನಿದ್ದೆಗೆಂದು, ಬಸುರಿನ ವಾಂತಿಗೆಂದು ನುಂಗಿದ ಆ ಮಾತ್ರೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಊನಗೊಂಡು ಹುಟ್ಟಿದರು. 1961ರ ಕೊನೆಗೆ ಅದನ್ನು ಅಲ್ಲಿ ಹಿಂತೆಗೆದುಕೊಂಡರು. ಬಸುರಿಗೆ ಮಾತ್ರೆ ಕೊಡುವ ಮುನ್ನ ಎರಡು ಸಲ ಯೋಚಿಸುವ ಇಂದಿನ ಎಚ್ಚರ ಆ ಮಕ್ಕಳಿಂದ ಕಲಿತದ್ದು. ತುರಿಕೆಗೆ ಬಸುರಿಯರಿಗೂ ಕೊಡಬಹುದಾದ ಸೆಟಿರಿಜಿನ್, ಲೋರಟಡಿನ್‌ನಂಥ ಮಾತ್ರೆಗಳಿವೆ. ಯಾವುದು, ಎಷ್ಟು ಎಂದು ವೈದ್ಯರೇ ಹೇಳಬೇಕು.

ಇನ್ನು, ದದ್ದೇ ಇಲ್ಲದ ತುರಿಕೆ.

ಚರ್ಮ ನೋಡಿದರೆ ಏನೂ ಇಲ್ಲ, ಉಗುರಿನ ಗೀರುಗಳಷ್ಟೇ. ಕಡಿತ ಅಂಗೈ, ಅಂಗಾಲಿನಲ್ಲಿ ಜೋರು, ರಾತ್ರಿಯಾದರೆ ಇನ್ನೂ ಜೋರು. ಎದ್ದು ಬಚ್ಚಲಿಗೆ ಹೋಗಿ ಪಾದಕ್ಕೆ ತಣ್ಣೀರು ಸುರಿದುಕೊಳ್ಳುತ್ತಾಳೆ, ಮತ್ತೆ ಬಂದು ಮಲಗುತ್ತಾಳೆ, ಮತ್ತೆ ಏಳುತ್ತಾಳೆ. ಅಂಗೈ ಕಡಿದರೆ ದುಡ್ಡು ಬರುತ್ತದೆ, ಅಂಗಾಲು ಕಡಿದರೆ ದೂರದ ಪ್ರಯಾಣ ಎನ್ನುವ ನಾಡು ನಮ್ಮದು. ಬಸುರಿಯ ವಿಷಯದಲ್ಲಿ ಅದು ಯಕೃತ್ತು ಕೊಡುವ ಸೂಚನೆ ಇರಬಹುದು. ಪಿತ್ತರಸ ಸರಾಗ ಹರಿಯದೆ ಪಿತ್ತಾಮ್ಲಗಳು ರಕ್ತದಲ್ಲಿ ಸೇರುವುದರಿಂದ ಬರುವ ಕಡಿತ ಇದು. ಪಿತ್ತ ಎಂಬ ಪದ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಬಸುರಿನಿಂದ ಬಸುರಿಗೆ ಮರುಕಳಿಸುವ ಕಾಮಾಲೆಯನ್ನು ಜರ್ಮನಿಯ ಆಲ್ಫೆಲ್ಡ್ 1883ರಲ್ಲೇ ಬರೆದಿದ್ದ. ಕಣ್ಣು ಹಳದಿಯಾದರೆ ವೈದ್ಯರ ಕಣ್ಣಿಗೆ ಬೀಳುತ್ತದೆ. ಕಾಮಾಲೆಯಿಲ್ಲದೆ ಬರೀ ಕಡಿತವಿದ್ದವರನ್ನು ಯಾರು ನೋಡಬೇಕು? ಅದಕ್ಕೆ ಬಸುರಿನ ತುರಿಕೆ ಎಂಬರ್ಥದ ಲ್ಯಾಟಿನ್ ಹೆಸರು ಕೊಟ್ಟು ಸುಮ್ಮನಾದರು. 1950ರ ದಶಕದಲ್ಲಿ ಸ್ವೀಡನ್ನಿನ ಸ್ವಾನ್‌ಬೋರ್ಗ್, ಥೋರ್ಲಿಂಗ್ ಇದನ್ನು ಯಕೃತ್ತಿನದೇ ಪ್ರತ್ಯೇಕ ಕಾಯಿಲೆಯಾಗಿ ಬಿಡಿಸಿಟ್ಟರು. ಗರ್ಭನಿರೋಧಕ ಮಾತ್ರೆ ಬಂದ ಮೇಲೆ, ಬಸುರಲ್ಲಿ ಕಡಿತ ಕಂಡಿದ್ದವರಿಗೆ ಮಾತ್ರೆ ನುಂಗಿದಾಗಲೂ ಕಡಿತ ಬಂತು. ಈಸ್ಟ್ರೋಜನ್ ಹಾರ್ಮೋನಿನ ಕೈವಾಡ ಬಯಲಾಯಿತು. ದಕ್ಷಿಣ ಅಮೆರಿಕದ ಚಿಲಿಯಲ್ಲಿ 1970ರ ದಶಕದಲ್ಲಿ ಬಸುರಿಯರಲ್ಲಿ ಶೇ. 15ಕ್ಕೂ ಹೆಚ್ಚು ಮಂದಿಗೆ, ಅಲ್ಲಿನ ಮೂಲನಿವಾಸಿ ಮಾಪುಚೆ ಜನರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಬಸುರಿಯರಿಗೆ ಇದು ಇತ್ತು. ಇಂಗ್ಲೆಂಡಿನ ಲೆಕ್ಕದಲ್ಲಿ ಒಟ್ಟು ಶೇ. 0.7, ಭಾರತ, ಪಾಕಿಸ್ತಾನ ಮೂಲದವರಲ್ಲಿ ಶೇ. 1.2ರಿಂದ 1.5. ಲಂಡನ್ನಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಇರುವ ಕನ್ನಡದ ಬಸುರಿ ತನ್ನ ಸೂಲಗಿತ್ತಿ ನರ್ಸಿಗೆ ಅಂಗೈ ಕಡಿತದ ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾದದ್ದು ಇದಕ್ಕೇ.

ಈ ಕಾಯಿಲೆಗೆ ಕೊಡುವ ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಹೆಸರಿನಲ್ಲಿ ಕರಡಿ ಅಡಗಿದೆ. ಲ್ಯಾಟಿನ್ನಿನಲ್ಲಿ ಅರ್ಸಸ್ ಎಂದರೆ ಕರಡಿ. ಚೀನಾದ ವೈದ್ಯರು ಹಿಂದಿನಿಂದ ಬಳಸಿದ ಕರಡಿಯ ಪಿತ್ತದಲ್ಲಿರುವ ವಸ್ತು ಇದು, ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಬ್ರಿಟನ್ನಿನಲ್ಲಿ 605 ಬಸುರಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಮಗುವಿನ ಅಪಾಯ ತಗ್ಗಿಸಲಿಲ್ಲ, ಕಡಿತವನ್ನೂ ಹೆಚ್ಚೇನು ಇಳಿಸಲಿಲ್ಲ. ಅದೇ ವರ್ಷ ಹಲವು ದೇಶಗಳ ಲೆಕ್ಕ ಒಟ್ಟುಗೂಡಿಸಿ ನೋಡಿದಾಗ, ರಕ್ತದಲ್ಲಿ ಪಿತ್ತಾಮ್ಲ ಲೀಟರಿಗೆ 40 ಮೈಕ್ರೋಮೋಲ್‌ಗಿಂತ ಕಡಿಮೆಯಿದ್ದವರಲ್ಲಿ ಮಗು ಹೊಟ್ಟೆಯಲ್ಲೇ ಸಾಯುವ ಪ್ರಮಾಣ ಶೇ. 0.13; 100 ದಾಟಿದವರಲ್ಲಿ ಶೇ. 3.44. ಹಾಗಾಗಿ ಈಗ ರಕ್ತಪರೀಕ್ಷೆಯ ಆ ಅಂಕಿ ನೋಡಿಯೇ ಹೆರಿಗೆಯ ದಿನ ಗೊತ್ತುಮಾಡುತ್ತಾರೆ. ಅಂಕಿ ಮೇಲಿದ್ದರೆ ದಿನ ತುಂಬುವವರೆಗೆ ಕಾಯುವುದಿಲ್ಲ.

ಪರೀಕ್ಷೆ ಮಾಡಿಸಬೇಕಾದರೆ ಮೊದಲು ಬಸುರಿ ಬಾಯಿಬಿಡಬೇಕು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ 'ತಾಯಿ-ಮಗು' ಪುಸ್ತಕದ ಮೂಲಕ ಬಸುರಿಯ ಮೈಯ ವಿಷಯವನ್ನು ಕನ್ನಡದಲ್ಲಿ ಸಲೀಸಾಗಿ ಮಾತಾಡುವಂತೆ ಮಾಡಿದರು. ಆದರೂ 'ಬಸುರಲ್ಲಿ ಇದೆಲ್ಲ ಇದ್ದದ್ದೇ' ಎಂಬ ಒಂದು ಮಾತಿಗೆ ಎಷ್ಟೋ ಹುಡುಗಿಯರು ಬಾಯಿ ಮುಚ್ಚಿಬಿಡುತ್ತಾರೆ. ದದ್ದು ಕಾಣದ ಕಡಿತವನ್ನು ಹೇಳಿಕೊಳ್ಳಲು ಅವರಿಗೆ ಸಾಕ್ಷಿಯೇ ಇಲ್ಲ.

ಹೆರಿಗೆಯಾಗಿ ಕೆಲವೇ ದಿನಗಳಲ್ಲಿ ಈ ಕಡಿತ ಮಾಯವಾಗುತ್ತದೆ. ಬಾಣಂತನದ ಗಡಿಬಿಡಿಯಲ್ಲಿ ಮರೆತೂ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಮುಂದಿನ ಬಸುರಲ್ಲಿ ಮತ್ತೆ ಬರುತ್ತದೆ. ತಾಯಿಗೆ, ಅಕ್ಕನಿಗೆ ಬಂದಿದ್ದರೆ ತಂಗಿಗೆ ಬರುವ ಸಾಧ್ಯತೆಯೂ ಹೆಚ್ಚು. ಅದಕ್ಕೇ ವೈದ್ಯರು ರಕ್ತಪರೀಕ್ಷೆಗೆ ಚೀಟಿ ಬರೆಯುತ್ತ ಕೇಳುತ್ತಾರೆ: 'ನಿಮ್ಮ ತಾಯಿಗೆ ಬಸುರಿದ್ದಾಗ ಹೀಗೆ ಕಡಿತ ಇತ್ತಾ?' ಮೂವತ್ತು ವರ್ಷದ ಹಿಂದಿನ ಯಾವ ಆಸ್ಪತ್ರೆಯ ಕಡತದಲ್ಲೂ ಅದು ಸಿಗುವುದಿಲ್ಲ. ಹುಡುಗಿ ಹೊರಗೆ ಬಂದು ಅಮ್ಮನಿಗೆ ಫೋನ್ ಹಚ್ಚುತ್ತಾಳೆ.