ಗೌರಿಹೂವು

ಗ್ಲೋರಿಯೋಸಾ ಸುಪರ್ಬಾ ಎಂಬ ಶಾಸ್ತ್ರೀಯ ಹೆಸರಿನ ದೇಸಿ ಹೂಬಳ್ಳಿ. ಅಗ್ನಿಶಿಖೆ, ಕೋಳಿಕುಟುಮ ಎಂದೂ ಕರೆಯುತ್ತಾರೆ. ಮೂಡಿಗೆರೆ ತಾಲ್ಲೂಕಿನ ಬಾಳೂರಿನಿಂದ ಕಳಸದವರೆಗಿನ ಕಾಫಿಸೀಮೆಯ ಹಿತ್ತಿಲಿಗೆ ಇಷ್ಟು ಒಪ್ಪುವ ಬಳ್ಳಿ ಅಪರೂಪ. ಮುಂಗಾರಿಗೆ ಚಿಗುರಿ, ಎಲೆಯ ತುದಿಯನ್ನೇ ಕುಡಿಯಾಗಿ ಸುತ್ತಿಕೊಂಡು ಬೇಲಿ ಏರುತ್ತದೆ. ಅಲೆಯಂಚಿನ 6 ದಳಗಳು ಹಿಂದಕ್ಕೆ ಬಾಗಿ, ಹಸಿರಿನಿಂದ ಹಳದಿಗೂ ಕೆಂಪಿಗೂ ತಿರುಗುತ್ತವೆ. ಮಲೆನಾಡಿನಲ್ಲಿ ಭಾದ್ರಪದದ ಗೌರಿಪೂಜೆಗೆ ಇದೇ ಹೂವು.

ಮೇ ಕೊನೆಯಲ್ಲಿ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೊಳಕೆ ಮುರಿಯದಂತೆ ಸುಮಾರು 5 ಸೆಂ.ಮೀ. ಆಳದಲ್ಲಿ ನೆಡಬೇಕು. ಇಲ್ಲಿನ ಜಡಿಮಳೆಯಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುವುದರಿಂದ ಏರುಮಡಿಯೇ ಲೇಸು. ಬುಡಕ್ಕೆ ನೆರಳು, ತುದಿಗೆ ಬಿಸಿಲು, ಆಸರೆಗೆ ಬಿದಿರುಕಡ್ಡಿ ಸಾಕು. ಹೂಗಾಲ ಮುಗಿದ ಮೇಲೆ ಬಳ್ಳಿ ಒಣಗುವುದು ಸಹಜ. ಸತ್ತಿತೆಂದು ಅಗೆದು ಎಸೆಯಬಾರದು, ಗಡ್ಡೆ ಮುಂದಿನ ಮಳೆಗೆ ಚಿಗುರುತ್ತದೆ.

ಗಿಡದ ಎಲ್ಲ ಭಾಗಗಳಲ್ಲೂ, ಗಡ್ಡೆಯಲ್ಲಿ ವಿಶೇಷವಾಗಿ, ಕಾಲ್ಚಿಸಿನ್ ಎಂಬ ವಿಷವಿದೆ. ಇದೇ ವಸ್ತು ತಕ್ಕ ಅಳತೆಯಲ್ಲಿ ಗೌಟ್ ಕಾಯಿಲೆಗೆ ಔಷಧ. ಗಡ್ಡೆಯನ್ನು ಗೆಣಸೆಂದು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಮಕ್ಕಳು, ದನಕರುಗಳಿಗೆ ಎಟುಕದ ಕಡೆ ನೆಟ್ಟು, ಕೈಗವಸು ಹಾಕಿ ಮುಟ್ಟಬೇಕು. ಔಷಧಕ್ಕಾಗಿ ಅಗೆದೂ ಅಗೆದೂ ಕಾಡಿನಲ್ಲಿ ಇದು ವಿರಳವಾಗುತ್ತಿದೆ. ಅಲ್ಲಿಂದ ಗಡ್ಡೆ ಕೀಳದೆ ಬೀಜದಿಂದ ಬೆಳೆಸಿದರೆ ಮೂರ್ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ.