ಮಾತಿಗೆ ಮುನ್ನ ಓದು

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಪುಟ್ಟ ಊರು. ಅಲ್ಲಿನ ವಕೀಲರೊಬ್ಬರು 1938ರಲ್ಲಿ ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ ಪತ್ರ ಬರೆದರು. ಟೈಪ್ ಮಾಡಿದ 33 ಪುಟಗಳ ಆ ಪತ್ರದ ತುಂಬ ಇದ್ದದ್ದು ಐದು ವರ್ಷದ ಮಗ ಡೊನಾಲ್ಡ್ ಟ್ರಿಪ್ಲೆಟ್‌ನ ವಿವರ. ಎರಡು ವರ್ಷ ತುಂಬುವ ಮೊದಲೇ ಆತ ಬೈಬಲ್‌ನ 23ನೇ ಕೀರ್ತನೆಯನ್ನು ಒಪ್ಪಿಸುತ್ತಿದ್ದ. ಇಂಗ್ಲಿಷ್ ವರ್ಣಮಾಲೆಯನ್ನು ಕೊನೆಯಿಂದ ಮೊದಲಿಗೂ ಹೇಳುತ್ತಿದ್ದ. ಆದರೆ ಅಪ್ಪ ಮನೆಗೆ ಬಂದದ್ದನ್ನಾಗಲೀ ಅಮ್ಮ ಹೊರಗೆ ಹೋದದ್ದನ್ನಾಗಲೀ ಗಮನಿಸುತ್ತಿರಲಿಲ್ಲ.

ಇಂಥ 11 ಮಕ್ಕಳನ್ನು ಕಂಡ ಕ್ಯಾನರ್ 1943ರಲ್ಲಿ ಪ್ರಕಟಿಸಿದ ಪ್ರಬಂಧವೇ ಆಟಿಸಂ ಅಧ್ಯಯನಕ್ಕೆ ತಳಪಾಯ. ಅದರಲ್ಲಿ ಓದಿನ ಬಗ್ಗೆಯೂ ಒಂದು ಸಣ್ಣ ಮಾತಿದೆ. ಈ ಮಕ್ಕಳು ಬೇಗ ಓದಲು ಕಲಿಯುತ್ತಾರೆ, ಆದರೆ ಏರಿಳಿತವಿಲ್ಲದ ದನಿಯಲ್ಲಿ ಓದುತ್ತಾರೆ, ಕಥೆ ಅವರಿಗೆ ಬಿಡಿ ಬಿಡಿ ತುಣುಕಾಗಿಯೇ ಉಳಿಯುತ್ತದೆ ಎಂದು ಅವರು ಬರೆದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ತಂದೆತಾಯಿ ಮಕ್ಕಳ ತಲೆಗೆ ಪದ್ಯ, ಪ್ರಾರ್ಥನೆ, ಹೆಸರುಗಳ ಪಟ್ಟಿಗಳನ್ನು ತುರುಕಿದ್ದೇ ತೊಂದರೆಗೆ ಕಾರಣವಾಯಿತೇ ಎಂಬ ಅನುಮಾನವನ್ನೂ ಎತ್ತಿದರು. ಉತ್ತರ ಮಾತ್ರ ಕೊಡಲಿಲ್ಲ.

ಆಗ ಅಮೆರಿಕದ ಶಾಲೆಗಳಲ್ಲಿ ‘ನೋಡು, ಹೇಳು’ ಪದ್ಧತಿಯ ಕಾಲ. ಅಕ್ಷರ ಕೂಡಿಸಿ ಓದುವ ಬದಲು ಇಡೀ ಪದವನ್ನು ಚಿತ್ರದಂತೆ ಕಣ್ಣಲ್ಲಿ ತುಂಬಿಕೊಳ್ಳುವ ಕ್ರಮವದು. ಎಡ್ವರ್ಡ್ ಡಾಲ್ಚ್ 1936ರಲ್ಲಿ ಹಾಗೆ ಗುರುತಿಸಬೇಕಾದ 220 ಪದಗಳ ಪಟ್ಟಿಯನ್ನೇ ಕೊಟ್ಟಿದ್ದರು. ಶಾಲೆ ಕಂಡ ಮಗುವಿಗೆ ಪಟ್ಟಿ ಕಲಿಸಲು ವರ್ಷಗಳು ಬೇಕು. ಶಾಲೆಯನ್ನೇ ಕಾಣದ, ಸರಿಯಾಗಿ ಮಾತೂ ಆಡದ ಮೂರು ವರ್ಷದ ಮಗು ಪೊಟ್ಟಣದ ಮೇಲಿನ, ರಸ್ತೆ ಫಲಕದ ಮೇಲಿನ ಪದಗಳನ್ನು ತಾನಾಗಿ ಓದಿದರೆ? ಅದು ಕಣ್ಣಿನ ನೆನಪಿನ ಚಮತ್ಕಾರ ಎಂದೇ ಎಲ್ಲರೂ ಭಾವಿಸಿದರು.

1967 ಒಂದು ವಿಚಿತ್ರ ವರ್ಷ. ಆ ವರ್ಷ ಬ್ರೂನೋ ಬೆಟಲ್‌ಹೀಮ್ ಅವರ ‘ದಿ ಎಂಪ್ಟಿ ಫೋರ್ಟ್ರೆಸ್’ ಹೊರಬಂದು, ಮಗುವಿನ ಆಟಿಸಂಗೆ ಹೆತ್ತವರ ತಣ್ಣನೆಯ ಮನಸ್ಸೇ ಕಾರಣವೆಂಬ ಮಾತಿಗೆ ಭಾರೀ ಪ್ರಚಾರ ಕೊಟ್ಟಿತು. ಎಷ್ಟೋ ತಾಯಂದಿರು ಮಗುವಿನ ಚಿಂತೆಯ ಮೇಲೆ ಈ ಅಪವಾದವನ್ನೂ ಹೊತ್ತರು. ಮುಂದೆ ವಿಜ್ಞಾನ ಅದನ್ನು ಪೂರ್ತಿ ತಳ್ಳಿಹಾಕಿತು. ಅದೇ ವರ್ಷ ನಾರ್ಮನ್ ಮತ್ತು ಮಾರ್ಗರೆಟ್ ಸಿಲ್ಬರ್‌ಬರ್ಗ್, ತಿಳಿವಳಿಕೆಗಿಂತ ಬಹಳ ಮುಂದೆ ಓಡುವ ಓದಿಗೆ ‘ಹೈಪರ್‌ಲೆಕ್ಸಿಯಾ’ ಎಂಬ ಹೆಸರಿಟ್ಟರು. ಹೆಸರೇನೋ ಬಂತು. ಆದರೆ ಅದು ಗಿಳಿಪಾಠ, ಪ್ರಯೋಜನವಿಲ್ಲದ್ದು ಎಂಬ ತಾತ್ಸಾರವೂ ಜೊತೆಗೇ ಬಂತು.

ನಿಜಕ್ಕೂ ಅದು ಬರೀ ಕಣ್ಣಿನ ನೆನಪೇ? 1983ರಲ್ಲಿ ಉಟಾ ಫ್ರಿತ್ ಮತ್ತು ಮಾರ್ಗರೆಟ್ ಸ್ನೋಲಿಂಗ್ ಬ್ರಿಟನ್ನಿನಲ್ಲಿ ಈ ಪ್ರಶ್ನೆ ಕೈಗೆತ್ತಿಕೊಂಡರು. ಯಾವ ಪುಸ್ತಕದಲ್ಲೂ ಇಲ್ಲದ ಸುಳ್ಳು ಪದಗಳನ್ನು ಮಕ್ಕಳ ಮುಂದಿಟ್ಟರು. ಹಿಂದೆಂದೂ ಕಾಣದ ಪದವನ್ನು ನೆನಪಿನಿಂದ ಓದಲಾಗದು ತಾನೆ? ಆಟಿಸಂ ಇದ್ದ ಮಕ್ಕಳು ಅವನ್ನೂ ಓದಿದರು. ಅಂದರೆ ಅಕ್ಷರಕ್ಕೂ ದನಿಗೂ ಇರುವ ನಂಟನ್ನು ಅವರು ಹಿಡಿದುಕೊಂಡಿದ್ದರು. ಎಡವಿದ್ದು ಬೇರೆಡೆ. ಇಂಗ್ಲಿಷಿನಲ್ಲಿ ಕಣ್ಣೀರಿಗೂ ಬಟ್ಟೆ ಹರಿದದ್ದಕ್ಕೂ ಕಾಗುಣಿತ ಒಂದೇ. ಮೊದಲನೆಯದು ‘ಟಿಯರ್’, ಎರಡನೆಯದು ‘ಟೇರ್’. ಯಾವುದೆಂದು ವಾಕ್ಯದ ಅರ್ಥದಿಂದಲೇ ತಿಳಿಯಬೇಕು. ಅಲ್ಲಿ ಮಕ್ಕಳು ತಪ್ಪುತ್ತಿದ್ದರು. (ಬರೆದಂತೆ ಓದುವ ಕನ್ನಡದಲ್ಲಿ ಈ ಪರೀಕ್ಷೆ ನಡೆಸುವುದೇ ಕಷ್ಟ!)

2004ರಲ್ಲಿ ಅಮೆರಿಕದ ಸಂಶೋಧಕರು ವಯಸ್ಸಿಗಿಂತ ಆರು ವರ್ಷ ಮುಂದೆ ಓದುತ್ತಿದ್ದ ಒಂಬತ್ತರ ಬಾಲಕನ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ನೋಟದ ಭಾಗದ ಜೊತೆಗೆ ದನಿಗೆ ಸಂಬಂಧಿಸಿದ ಭಾಗವೂ ಚುರುಕಾಗಿದ್ದುದು ಕಂಡಿತು.

ಹಾಗೆಂದು ಕಣ್ಣಿನ ಬಲ ಸುಳ್ಳಲ್ಲ. ಎರಿಕ್ ಶಾಪ್ಲರ್ ಅವರ ಮುಂದಾಳ್ತನದಲ್ಲಿ ನಾರ್ತ್ ಕರೊಲಿನಾ 1972ರಲ್ಲಿ ರಾಜ್ಯಮಟ್ಟದಲ್ಲಿ ಆರಂಭಿಸಿದ ‘ಟೀಚ್’ ಕಾರ್ಯಕ್ರಮ ನಿಂತದ್ದೇ ಅದರ ಮೇಲೆ. ಕಿವಿಗೆ ಬಿದ್ದ ಮಾತು ಕ್ಷಣದಲ್ಲಿ ಮಾಯ. ಗೋಡೆಯ ಮೇಲಿನ ಪದ ಅಲ್ಲೇ ಇರುತ್ತದೆ. ಅದಕ್ಕೇ ದಿನಚರಿಯನ್ನು ಚಿತ್ರ ಮತ್ತು ಪದಗಳಲ್ಲಿ ಮಗುವಿನ ಕಣ್ಣಿಗೆ ಬೀಳುವಂತೆ ಜೋಡಿಸುತ್ತಾರೆ. ಲೋಟದ ಪಕ್ಕದಲ್ಲಿ ಲೋಟ ಎಂದು ಬರೆದ ಚೀಟಿ ಇಡುವುದೂ ಇದೇ ಜಾಡಿನದು. ಮೊದಲು ಚೀಟಿ ಮತ್ತು ವಸ್ತುವಿನ ಜೋಡಿ, ಆಮೇಲೆ ವಸ್ತು ಬೇಕಾದಾಗ ಚೀಟಿ ಎತ್ತಿ ಕೊಡುವುದು. ಓದನ್ನೇ ಹಿಡಿದು ಕೆಲವು ಮಕ್ಕಳು ಮಾತಿನತ್ತ ಬರುತ್ತಾರೆ.

ಡೊನಾಲ್ಡ್ 1958ರಲ್ಲಿ ಪದವಿ ಪಡೆದು, ತನ್ನೂರಿನ ಬ್ಯಾಂಕಿನಲ್ಲೇ ದುಡಿದು, ಗಾಲ್ಫ್ ಆಡುತ್ತ, ದೇಶ ಸುತ್ತುತ್ತ 2023ರವರೆಗೆ ಬದುಕಿದ್ದರು.