ಲೆಬನಾನಿನ ಅಡುಗೆಮನೆ: ಒಂದು ಐತಿಹಾಸಿಕ ನೋಟ

ಇತಿಹಾಸವೆಂದರೆ ರಾಜರ ಪಟ್ಟಿ, ಯುದ್ಧಗಳ ಇಸವಿ ಎಂದೇ ನಾವು ಶಾಲೆಯಲ್ಲಿ ಕಲಿತವರು. ಆದರೆ ಒಂದು ನಾಡಿನ ಜನ ಏನನ್ನು ಉಂಡರು, ಉಣ್ಣಲು ಇಲ್ಲದಾಗ ಹೇಗೆ ಬದುಕಿದರು ಎಂಬುದೂ ಇತಿಹಾಸವೇ. ಲೆಬನಾನ್ ಇದಕ್ಕೊಂದು ಉತ್ತಮ ಉದಾಹರಣೆ. ಗಲ್ಫ್‌ನಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಅನೇಕರು ಅಲ್ಲಿನ ಲೆಬನಾನಿ ಹೋಟೆಲುಗಳಲ್ಲಿ ಹಮ್ಮೂಸ್, ತಬ್ಬೂಲೆಗಳ ರುಚಿ ನೋಡಿದವರೇ. ಆದರೆ ಆ ಅಡುಗೆಯ ಬೇರು ಇರುವುದು ಹೋಟೆಲುಗಳಲ್ಲಲ್ಲ, ಪರ್ವತದ ಹಳ್ಳಿಮನೆಗಳಲ್ಲಿ.

ಲೆಬನಾನ್ ಪರ್ವತದ ಎತ್ತರದ ಹಳ್ಳಿಗಳಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದು ದಾರಿಗಳು ಮುಚ್ಚುತ್ತಿದ್ದವು. ಹೀಗಾಗಿ ಬೇಸಿಗೆಯಲ್ಲೇ ಆಹಾರವನ್ನು ಕೂಡಿಡುವ ಪದ್ಧತಿ ಬೆಳೆಯಿತು. ಅದರ ಹೆಸರು ‘ಮೂನೆ’. ಮುಸ್ಲಿಮ್, ಕ್ರೈಸ್ತ, ದ್ರೂಜ್ ಎಂಬ ಭೇದವಿಲ್ಲದೆ ಎಲ್ಲರ ಮನೆಗಳಲ್ಲೂ ಹೆಂಗಸರೇ ಇದರ ಉಸ್ತುವಾರಿ ನೋಡುತ್ತಿದ್ದರು. ಗೋಧಿಯನ್ನು ದೊಡ್ಡ ಹಂಡೆಗಳಲ್ಲಿ ಬೇಯಿಸಿ, ತಾರಸಿಯ ಮೇಲೆ ಒಣಗಿಸಿ, ನುಚ್ಚು ಮಾಡಿದರೆ ಅದು ಬುರ್ಗುಲ್. ಭತ್ತ ಬೇಯಿಸಿ ಕುಚ್ಚಲಕ್ಕಿ ಮಾಡುವ ನಮಗೆ ಈ ಕೆಲಸ ಅಪರಿಚಿತವಲ್ಲ. ಬುರ್ಗುಲನ್ನು ಮೊಸರಿನೊಂದಿಗೆ ಕಲಸಿ, ಕೆಲವು ದಿನ ಹುಳಿಯಲು ಬಿಟ್ಟು, ಬಿಸಿಲಿನಲ್ಲಿ ಒಣಗಿಸಿ ಪುಡಿ ಮಾಡಿದರೆ ‘ಕಿಶ್ಕ್’. ಚಳಿಗಾಲದ ಬೆಳಗ್ಗೆ ಅದೇ ಬಿಸಿ ಗಂಜಿ. ಬೇಸಿಗೆಯಿಡೀ ಕೊಬ್ಬಿಸಿದ ಕುರಿಯ ಮಾಂಸವನ್ನು ಅದರದೇ ಬಾಲದ ಕೊಬ್ಬಿನಲ್ಲಿ ಬೇಯಿಸಿ ಜಾಡಿಯಲ್ಲಿಟ್ಟರೆ ‘ಕವರ್ಮಾ’.

ಈ ಅಡುಗೆಗಳಲ್ಲಿ ಕೆಲವು ಬಹಳ ಹಳೆಯವು. ಮಸೂರ್ ಬೇಳೆ ಮತ್ತು ಅಕ್ಕಿಯ ‘ಮುಜದ್ದರ’ದ ಉಲ್ಲೇಖ 1226ರಲ್ಲಿ ಮುಹಮ್ಮದ್ ಬಿನ್ ಹಸನ್ ಅಲ್-ಬಗ್ದಾದಿ ಬರೆದ ‘ಕಿತಾಬುತ್ತಬೀಖ್’ ಎಂಬ ಗ್ರಂಥದಲ್ಲಿದೆ. ಅಲ್ಲಿ ಮಾಂಸವೂ ಇತ್ತು. ಬಡವರ ಮನೆಯಲ್ಲಿ ಮಾಂಸ ಬಿಟ್ಟುಹೋಗಿ ಈರುಳ್ಳಿ ಉಳಿಯಿತು. ಅಕ್ಕಿಯ ನಡುವೆ ಬೇಳೆ ಚುಕ್ಕೆಚುಕ್ಕೆಯಾಗಿ ಕಾಣುವುದರಿಂದ ‘ಸಿಡುಬಿನ ಕಲೆಯುಳ್ಳದ್ದು’ ಎಂಬರ್ಥದ ಈ ಹೆಸರು ಬಂತು. ನಮ್ಮ ಮನೆಗಳಲ್ಲೂ ಇದನ್ನು ಸುಲಭವಾಗಿ ಮಾಡಬಹುದು. ಸಿಪ್ಪೆಯುಳ್ಳ ಒಂದು ಲೋಟ ಇಡೀ ಮಸೂರನ್ನು ನಾಲ್ಕು ಲೋಟ ನೀರಿನಲ್ಲಿ ಅರೆಬೇಯಿಸಿ, ಅರ್ಧ ಲೋಟ ಅಕ್ಕಿ, ಉಪ್ಪು, ಸ್ವಲ್ಪ ಜೀರಿಗೆ ಪುಡಿ ಸೇರಿಸಿ. ತೆಳ್ಳಗೆ ಹೆಚ್ಚಿದ ಎರಡು ದೊಡ್ಡ ಈರುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಕಡು ಕಂದು ಬಣ್ಣಕ್ಕೆ ಹುರಿದು, ಅರ್ಧವನ್ನು ಪಾತ್ರೆಗೂ ಉಳಿದರ್ಧವನ್ನು ಮೇಲಕ್ಕೂ ಹಾಕಿ. ಮೊಸರಿನೊಂದಿಗೆ ಉಣ್ಣಬೇಕು.

ಆದರೆ ಕೂಡಿಡುವ ವಿದ್ಯೆ ತಿಳಿದಿದ್ದ ಈ ಜನರೇ ಹಸಿವಿನಿಂದ ಸತ್ತ ಕಾಲವೂ ಒಂದಿತ್ತು. 19ನೇ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆ ಗಿರಣಿಗಳ ಬೇಡಿಕೆಯಿಂದ ಪರ್ವತದ ಹೊಲಗಳಲ್ಲಿ ಹಿಪ್ಪುನೇರಳೆ ಹಬ್ಬಿತು. ಕೈಗೆ ಹಣ ಬಂತು. ಗೋಧಿ ಮಾತ್ರ ಬಿಕಾ ಕಣಿವೆಯಿಂದ, ಹೌರಾನ್ ಬಯಲಿನಿಂದ ಬರಬೇಕಾಯಿತು. 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಮಿತ್ರರಾಷ್ಟ್ರಗಳ ನೌಕಾಪಡೆ ಕರಾವಳಿಗೆ ದಿಗ್ಬಂಧನ ಹಾಕಿತು, ಉಸ್ಮಾನಿ ಸೇನೆ ಧಾನ್ಯವನ್ನು ವಶಪಡಿಸಿಕೊಂಡಿತು, ವರ್ತಕರು ದಾಸ್ತಾನು ಬಚ್ಚಿಟ್ಟರು. 1915ರಲ್ಲಿ ಮಿಡತೆಗಳ ದಂಡು ಅಳಿದುಳಿದ ಹಸಿರನ್ನೂ ತಿಂದುಹಾಕಿತು. 1918ರ ವೇಳೆಗೆ ಹಸಿವು ಮತ್ತು ರೋಗಗಳಿಂದ ಸತ್ತವರು ಸುಮಾರು ಎರಡು ಲಕ್ಷವೆಂದು ಇತಿಹಾಸಕಾರರು ಅಂದಾಜಿಸಿದ್ದಾರೆ. ಹೊಲದಲ್ಲಿ ಧಾನ್ಯವಿಲ್ಲದಿದ್ದರೆ ಉಗ್ರಾಣದ ಜಾಣ್ಮೆಯೊಂದೇ ಯಾರನ್ನೂ ಕಾಪಾಡಲಾರದು ಎಂಬ ಕಹಿ ಪಾಠ ಇದು.

ಯುದ್ಧಕ್ಕೆ ಮುಂಚೆಯೇ ಸಾವಿರಾರು ಮಂದಿ ಹಡಗು ಹತ್ತಿ ಅಮೆರಿಕ ಖಂಡಗಳಿಗೆ ಹೋಗಿದ್ದರು. ಆಸ್ತಿ ಒಯ್ಯಲಾಗದವರೂ ಅಡುಗೆಯನ್ನು ಒಯ್ದರು. ಮಾಂಸ ಮತ್ತು ಬುರ್ಗುಲನ್ನು ಕಲ್ಲಿನ ಒರಳಿನಲ್ಲಿ ಕುಟ್ಟಿ ಮಾಡುವ ‘ಕಿಬ್ಬೆ’ ಇಂದು ಬ್ರೆಝಿಲಿನ ಬೀದಿಬೀದಿಯಲ್ಲಿ ‘ಕಿಬೆ’ ಎಂಬ ಹೆಸರಿನಲ್ಲಿ ಸಿಗುತ್ತದೆ.

ನೂರು ವರ್ಷಗಳ ಬಳಿಕ ಸಂಕಟ ಮತ್ತೆ ಬಂತು. 2019ರಿಂದ ಆರ್ಥಿಕತೆ ಕುಸಿದು, ಕೆಲವೇ ವರ್ಷಗಳಲ್ಲಿ ಲೆಬನಾನಿನ ಲಿರಾ ತನ್ನ ಬೆಲೆಯಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ಕಳೆದುಕೊಂಡಿತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಸ್ಫೋಟದಲ್ಲಿ 1,20,000 ಟನ್ ಸಾಮರ್ಥ್ಯದ ದೇಶದ ಮುಖ್ಯ ಧಾನ್ಯ ಸಂಗ್ರಹಾಗಾರ ಹಾಳಾಯಿತು. ಆಗ ಅಜ್ಜಿಯರ ಮೂನೆಗೆ ಮತ್ತೆ ಬೆಲೆ ಬಂತು. 2023ರಲ್ಲಿ ಯುನೆಸ್ಕೋ, ಝಾತರ್ ಸವರಿ ಸುಡುವ ‘ಮನಾಕೀಶ್’ ರೊಟ್ಟಿಯ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ರಾಜರ ಚರಿತ್ರೆ ಬರೆಯಲು ಆಸ್ಥಾನದಲ್ಲಿ ವಿದ್ವಾಂಸರಿದ್ದರು. ಮೂನೆಯ ಚರಿತ್ರೆ ಮಾತ್ರ ಬಹುಕಾಲ ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲೇ ಸಾಗಿಬಂತು. ನಮ್ಮ ಮನೆಗಳಲ್ಲೂ ಕೊರತೆಯ ದಿನಗಳನ್ನು ದಾಟಿಬಂದ ಅಜ್ಜಿಯರಿದ್ದಾರೆ. ಮಳೆಗಾಲಕ್ಕೆ ಅವರು ಏನನ್ನು ಕೂಡಿಡುತ್ತಿದ್ದರು, ಅಕ್ಕಿ ಮುಗಿದ ದಿನ ಒಲೆಯ ಮೇಲೆ ಏನನ್ನು ಇಡುತ್ತಿದ್ದರು ಎಂದು ನಮ್ಮ ವಿದ್ಯಾರ್ಥಿಗಳು ಕೇಳಿ ಬರೆದಿಡಲಿ. ಕೇಳಲು ತಡಮಾಡಿದರೆ ಉತ್ತರ ಹೇಳುವವರು ಇರುವುದಿಲ್ಲ.